ರೆಕನ್ ಅಂದ್ರೆ ನಮ್ಮ ಎಣಿಸುವುದೇ

ಬೆಂಗಳೂರಿಗೆ ವರ್ಗ ಆಗಿ ಹೋದ ಮೊದಲ ವಾರ. ಮಧ್ಯಾಹ್ನ ಬ್ಯಾಂಕಿನ ಹಿಂದಿನ ಕೋಣೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆವು. ತಡವಾಗಿ ಬಂದ ಒಬ್ಬರಿಗೆ, "ನೀವು ಇವತ್ತು ರಜೆ ಅಂತ ನಾನು ಎಣಿಸಿದ್ದೆ" ಅಂದೆ. ಅವರು ಡಬ್ಬಿಯ ಮುಚ್ಚಳ ತೆಗೆಯುತ್ತಾ, "ಎಷ್ಟು ಎಣಿಸಿದ್ರಿ ಮೇಡಂ? ಟೋಟಲ್ ತಾಳೆ ಆಯ್ತಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕದ್ದು ಅಂತ ಗೊತ್ತಾದದ್ದು ಸಂಜೆ ಬಸ್ಸಿನಲ್ಲಿ.

ಅವರಿಗೆ ಎಣಿಸುವುದು ಅಂದರೆ ನೋಟು ಎಣಿಸುವುದು, ಅಷ್ಟೇ. ತಲೆಯೊಳಗೆ ಆಗುವುದಕ್ಕೆ ಅವರದ್ದು 'ಅಂದ್ಕೊಂಡೆ'. ನಮ್ಮ ಉಡುಪಿ ಕಡೆ ಎರಡಕ್ಕೂ ಒಂದೇ ಮಾತು. ತುಳುವಿನಲ್ಲೂ ಹಾಗೇ. ಎಣ್ಣುನಿ ಅಂದರೆ ಎಣಿಸುವುದೂ ಹೌದು, ಯೋಚಿಸುವುದೂ ಹೌದು. ಹಾಗಾಗಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನಮಗೆ ಇದರಲ್ಲಿ ನಗುವಂಥದ್ದು ಎಂತ ಉಂಟು ಅಂತಲೇ ಅರ್ಥ ಆಗುವುದಿಲ್ಲ. ಆಮೇಲೆ ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದೆ, ಜಾಗ್ರತೆಯಿಂದ 'ಅಂದ್ಕೊಂಡೆ' ಅಂತಲೇ ಹೇಳಿದೆ. ಕಟಪಾಡಿಯಲ್ಲಿ ಬಸ್ಸಿಳಿದ ಕೂಡಲೇ ಮತ್ತೆ ಎಣಿಸಲು ಶುರು.

ಇದೆಲ್ಲ ಈಗ ನೆನಪಾದದ್ದು ಅಕ್ಕನ ಮಗಳಿಂದ. ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ಮೊನ್ನೆ ರಾತ್ರಿ ವಾಟ್ಸಾಪ್ ಬಂತು: "ಚಿಕ್ಕಿ, ಇಂಗ್ಲಿಷಿನ ರೆಕನಿಂಗ್ (reckoning) ಅಂದ್ರೆ ಎಂತ? ನೀವು ಬ್ಯಾಂಕಿನವರು ಅಲ್ವಾ, ಲೆಕ್ಕದ್ದೇ ಏನೋ." ಅನುವಾದ ಮಾಡಲು ಕೊಟ್ಟದ್ದು 2020ರ ಅಮೆರಿಕದ ಬಗ್ಗೆ ಒಂದು ಬರಹ. ಆ ವರ್ಷ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಉಸಿರು ಕಟ್ಟಿ ಸತ್ತ ಮೇಲೆ ಇಡೀ ದೇಶ ಬೀದಿಗಿಳಿಯಿತಲ್ಲ, ಅದನ್ನು ಅಲ್ಲಿಯ ಪತ್ರಿಕೆಗಳು 'ರೇಷಿಯಲ್ ರೆಕನಿಂಗ್' ಅಂತ ಬರೆದವು. ಇವಳು ಫೋನಿಗೆ ಹಾಕಿ ಅನುವಾದ ಮಾಡಿಸಿದ್ದಾಳೆ. ಬಂದದ್ದು 'ಜನಾಂಗೀಯ ಲೆಕ್ಕಾಚಾರ'.

ಓದಿ ನನಗೆ ನಗು ತಡೆಯಲಿಲ್ಲ. ಕನ್ನಡ ಪೇಪರ್ ಓದುವವರಿಗೆ ಲೆಕ್ಕಾಚಾರ ಅಂದರೆ ಏನು ಹೇಳಿ? ಜಾತಿ ಲೆಕ್ಕಾಚಾರ, ಟಿಕೆಟ್ ಲೆಕ್ಕಾಚಾರ, ಯಾರನ್ನು ಎಲ್ಲಿ ನಿಲ್ಲಿಸಿದರೆ ಯಾರ ಓಟು ಒಡೆಯುತ್ತದೆ ಅನ್ನುವ ಲೆಕ್ಕಾಚಾರ. ಜನಾಂಗೀಯ ಲೆಕ್ಕಾಚಾರ ಅಂತ ಬರೆದರೆ, ಅಲ್ಲಿ ಯಾರೋ ಕೂತು ಕಪ್ಪು ಜನರ ಓಟು ಲೆಕ್ಕ ಹಾಕುತ್ತಿದ್ದಾರೆ ಅಂತ ಅರ್ಥ ಆಗುತ್ತದೆ. ಮೂಲದಲ್ಲಿ ಇದ್ದದ್ದು ತದ್ವಿರುದ್ಧ. ಇಷ್ಟು ವರ್ಷ ಬಾಕಿ ಇಟ್ಟ ಲೆಕ್ಕವನ್ನು ಈಗ ತೆಗೆದು ಎದುರಿಗೆ ಇಡಿ, ಯಾರಿಗೆ ಎಷ್ಟು ಅನ್ಯಾಯ ಆಗಿದೆ ಅಂತ ಒಪ್ಪಿಕೊಳ್ಳಿ ಅನ್ನುವುದು. ಲೆಕ್ಕಾಚಾರ ಮಾಡುವವನು ತನ್ನ ಲಾಭಕ್ಕೆ ಮಾಡುತ್ತಾನೆ. ರೆಕನಿಂಗ್ ಬಂದಾಗ ಅವನೇ ಎದ್ದು ನಿಂತು ಲೆಕ್ಕ ಒಪ್ಪಿಸಬೇಕಾಗುತ್ತದೆ. ಕೂಡುವುದು, ಕಳೆಯುವುದು ಎರಡರಲ್ಲೂ ಉಂಟು. ಪುಸ್ತಕ ಯಾರ ಕೈಯಲ್ಲಿ ಅನ್ನುವುದೇ ಬೇರೆ.

ಹೀಗೆಲ್ಲ ಅವಳಿಗೆ ಧ್ವನಿ ಸಂದೇಶದಲ್ಲಿ ಹೇಳಲು ಹೋಗಿ ಎಂಟು ನಿಮಿಷ ಆಯಿತು. ಅವಳು ಕೇಳಿದಳೋ ಇಲ್ಲವೋ ಗೊತ್ತಿಲ್ಲ, ಎರಡು ನೀಲಿ ಗೀಟು ಮಾತ್ರ ಬಂತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ರೆಕನ್ ಅನ್ನುವುದು ಇಂಗ್ಲಿಷಿನ ಹಳೇ ಮನೆಮಾತು. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ 'ಗೆರೆಕೆನಿಯನ್'. ಅರ್ಥ ಎಣಿಸುವುದು ಅಲ್ಲ, ವಿವರಿಸಿ ಹೇಳುವುದು, ಒಂದೊಂದಾಗಿ ನಿರೂಪಿಸುವುದು. ಎಣಿಸುವ ಅರ್ಥ ಆಮೇಲೆ ಅಂಟಿಕೊಂಡದ್ದು. ಇದರ ನೆಂಟರು ಜರ್ಮನಿನಲ್ಲಿ 'ರೆಖ್‌ನೆನ್', ಡಚ್ಚಿನಲ್ಲಿ 'ರೇಕನೆನ್'. ಜರ್ಮನಿಯಲ್ಲಿ ಹೋಟೆಲಿನಲ್ಲಿ ಉಂಡು ಬಿಲ್ಲು ಕೇಳುವುದಾದರೆ ಇವತ್ತಿಗೂ 'ರೆಖ್‌ನುಂಗ್' ಅಂತಲೇ ಕೇಳುವುದು. ಬಾಸೆಲ್ ಮಿಷನ್ನಿನ ಕಿಟೆಲ್ ಜರ್ಮನ್ ಅಲ್ವಾ, ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ನಮ್ಮ ಎಣಿಸುವುದರ ಹತ್ತಿರ ಬಂದಾಗ ಅವರಿಗೆ ತಮ್ಮ ಮನೆಮಾತಿನ ರೆಖ್‌ನೆನ್ ನೆನಪಾಗಿರಬಹುದು ಅಂತ ನಾನು ಸುಮ್ನೆ ಎಣಿಸುತ್ತೇನೆ.

ಹೇಳುವುದು ಮತ್ತು ಎಣಿಸುವುದು ಇಂಗ್ಲಿಷಿನಲ್ಲಿ ಬಹಳ ಕಡೆ ಒಂದೇ ಹಗ್ಗದಲ್ಲಿ ಕಟ್ಟಿದ ದನಗಳ ಹಾಗೆ ಓಡಾಡುತ್ತವೆ. ಬ್ಯಾಂಕಿನಲ್ಲಿ ಟೆಲ್ಲರ್ ಅನ್ನುತ್ತಾರಲ್ಲ, ನಾನೂ ನಾಲ್ಕು ವರ್ಷ ಟೆಲ್ಲರ್ ಕೌಂಟರಿನಲ್ಲಿ ಕೂತವಳೇ. ಟೆಲ್ ಅಂದರೆ ಹೇಳು ಅಂತ ಶಾಲೆಯಲ್ಲಿ ಕಲಿತ ನನಗೆ, ನಾನು ಇಲ್ಲಿ ಯಾರಿಗೆ ಏನು ಹೇಳುವುದು ಅಂತ ಒಂದು ಸಂಶಯ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಟೆಲ್ ಅಂದರೆ ಎಣಿಸು ಅಂತಲೂ ಇತ್ತು. ಟೆಲ್ಲರ್ ಅಂದರೆ ಎಣಿಸುವವಳು. ಆಡಿಟ್ ಅನ್ನುವ ಮಾತಿನ ಮೂಲ ಲ್ಯಾಟಿನ್ನಿನಲ್ಲಿ ಕೇಳಿಸಿಕೊಳ್ಳುವುದು. ಆಡಿಯೋದ ಆಡಿ ಇದೆಯಲ್ಲ, ಅದೇ. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಆಡಿಟರು ಕೂತು ಕೇಳುತ್ತಿದ್ದರು. ನಮ್ಮಲ್ಲಿಗೆ ಬರುತ್ತಿದ್ದ ಆಡಿಟರುಗಳು ಏನನ್ನೂ ಕೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು, ಬರೀ ಬರೆದುಕೊಳ್ಳುತ್ತಿದ್ದರು.

ಲ್ಯಾಟಿನ್ನಿನಲ್ಲಿ ಇನ್ನೊಂದು ಕುಟುಂಬ ಉಂಟು. 'ಪುತಾರೆ' ಅಂತ ಒಂದು ಕ್ರಿಯಾಪದ. ಗಿಡದ ಗೆಲ್ಲು ಸವರುವುದು, ಲೆಕ್ಕ ಸರಿಮಾಡುವುದು, ಯೋಚಿಸುವುದು, ಮೂರೂ ಅದರಲ್ಲಿ. ಅದರಿಂದ ಕಂಪ್ಯೂಟ್ ಬಂತು, ಫ್ರೆಂಚಿನ ದಾರಿಯಾಗಿ ಕೌಂಟ್, ಅಕೌಂಟ್ ಎರಡೂ ಬಂದವು. ತಮಿಳರನ್ನು ನೋಡಿ, ಎಣ್ ಅಂದರೆ ಸಂಖ್ಯೆ, ಎಣ್ಣಂ ಅಂದರೆ ಆಲೋಚನೆ. ಅಂದರೆ ರೋಮಿನವರೂ ಮದ್ರಾಸಿನವರೂ ನಮ್ಮ ಕಟಪಾಡಿಯವರೂ ಒಂದು ಕಡೆ, ಬೆಂಗಳೂರಿನ ಆ ಊಟದ ಕೋಣೆ ಇನ್ನೊಂದು ಕಡೆ. ಆ ದಿನ ಇದೆಲ್ಲ ಗೊತ್ತಿದ್ದಿದ್ದರೆ!

ಇಂಗ್ಲಿಷಿನಲ್ಲೂ ಕತೆ ಇದೇ ಅಂತ ಗೊತ್ತಾದಾಗ ನನಗೆ ಜಾಸ್ತಿ ಖುಷಿಯಾದದ್ದು. 'ಐ ರೆಕನ್' ಅಂದರೆ ನಾನು ಎಣಿಸುತ್ತೇನೆ, ನನಗೆ ಅನಿಸುತ್ತದೆ. ಆಸ್ಟ್ರೇಲಿಯಾದಲ್ಲಿ, ಬ್ರಿಟನ್ನಿನಲ್ಲಿ ಮಾತಿನ ಮಧ್ಯೆ ಧಾರಾಳ ಬರುತ್ತದೆ, ಕ್ರಿಕೆಟ್ ಕಾಮೆಂಟರಿ ಕೇಳಿದವರಿಗೆ ಗೊತ್ತು. ಅಮೆರಿಕದಲ್ಲಿ ಮಾತ್ರ ಅದು ದಕ್ಷಿಣದವರ, ಹಳ್ಳಿಯವರ ಮಾತು. ಪಟ್ಟಣದವರು ಯಾರನ್ನಾದರೂ ಹಳ್ಳಿಗಮಾರ ಅಂತ ತಮಾಷೆ ಮಾಡಬೇಕಾದರೆ ಅವನ ಬಾಯಲ್ಲಿ 'ಐ ರೆಕನ್' ಹಾಕುತ್ತಾರೆ. ಅಲ್ಲೂ ಯಾರೋ ಒಬ್ಬಳು ಅಲಬಾಮಾದಿಂದ ನ್ಯೂಯಾರ್ಕಿಗೆ ವರ್ಗ ಆಗಿ ಹೋಗಿ, ಮಧ್ಯಾಹ್ನ ಊಟಕ್ಕೆ ಕೂತು ಇದೇ ಪೆಟ್ಟು ತಿಂದಿರುತ್ತಾಳೆ, ನೋಡಿ ಬೇಕಾದರೆ.

ರೆಕನಿಂಗ್ ಅಂದರೆ ಬಿಲ್ಲು ಅನ್ನುವ ಅರ್ಥ ಇಂಗ್ಲಿಷಿನಲ್ಲಿ ಈಗ ಹೆಚ್ಚು ಕಡಿಮೆ ಹೋಗಿದೆ. ಒಂದು ಕಾಲದಲ್ಲಿ ಅದೇ ದೊಡ್ಡ ಅರ್ಥ. 1593ರ ಮೇ 30ರಂದು ಲಂಡನ್ ಪಕ್ಕದ ಡೆಟ್‌ಫರ್ಡ್‌ನ ಒಂದು ಮನೆಯಲ್ಲಿ ನಾಲ್ಕು ಜನ ಗಂಡಸರು ಇಡೀ ದಿನ ತಿಂದು ಕುಡಿದು ಕಾಲ ಕಳೆದರು. ಸಂಜೆ ಬಿಲ್ಲಿನ ವಿಷಯಕ್ಕೆ ಜಗಳ ಹತ್ತಿತು. ಒಬ್ಬನ ಕಣ್ಣಿನ ಮೇಲೆ ಕಠಾರಿ ಇಳಿಯಿತು, ಅಲ್ಲೇ ಸತ್ತ. ಅವನು ಕ್ರಿಸ್ಟಫರ್ ಮಾರ್ಲೋ, ನಾಟಕಕಾರ, ಶೇಕ್ಸ್‌ಪಿಯರನ ಓರಗೆಯವ, 29 ವರ್ಷ. ಆ ಸಾವಿನ ವಿಚಾರಣೆಯ ದಾಖಲೆ 1925ರಲ್ಲಿ ಬೆಳಕಿಗೆ ಬಂತು. ದಾಖಲೆ ಲ್ಯಾಟಿನ್ನಿನಲ್ಲಿದೆ, ಆದರೆ ಜಗಳದ ಕಾರಣ ಬರೆಯುವ ಜಾಗದಲ್ಲಿ ಗುಮಾಸ್ತನಿಗೆ ಲ್ಯಾಟಿನ್ ಸಾಲಲಿಲ್ಲವೋ ಏನೋ, 'ಲೆ ರೆಕನಿಂಗ್' ಅಂತ ಇಂಗ್ಲಿಷ್ ಪದವನ್ನೇ ಇಟ್ಟುಬಿಟ್ಟಿದ್ದಾನೆ. ಮಾರ್ಲೋ ಗೂಢಚಾರ ಆಗಿದ್ದ, ಬಿಲ್ಲು ಬರೀ ನೆಪ ಅಂತ ಹೇಳುವವರಿದ್ದಾರೆ. ಇರಬಹುದು. ಊಟದ ಬಿಲ್ಲು ಕೊಡುವಾಗ ಹತ್ತಿರದವರಲ್ಲೂ ಏನೇನು ಆಗುತ್ತದೆ ಅಂತ ನೋಡಿದ ನನಗೆ ನೆಪ ಬೇರೆ ಬೇಕಾಗಿಲ್ಲ ಅನಿಸುತ್ತದೆ.

ಆ ಕಾಲದ್ದೇ ಒಂದು ಗಾದೆ: ಮನೆಯವನನ್ನು ಬಿಟ್ಟು ರೆಕನ್ ಮಾಡಬೇಡ. ಅಂದರೆ ಛತ್ರದವನನ್ನು ಕೇಳದೆ ನೀನೇ ಬಿಲ್ಲು ಇಷ್ಟೇ ಅಂತ ಮನಸ್ಸಿನಲ್ಲೇ ಕೂಡಿಸಿ ಕೂರಬೇಡ, ಅವನ ಲೆಕ್ಕ ಬೇರೆ ಇರುತ್ತದೆ. ಕನ್ನಡದಲ್ಲೂ ಅನ್ನ ಹಾಕಿದ ಮನೆಗೂ ಎಣಿಸುವುದಕ್ಕೂ ಸಂಬಂಧ ಉಂಟು, ಇನ್ನೂ ಕಟುವಾಗಿ. ಉಂಡ ಮನೆಯ ಜಂತೆ ಎಣಿಸುವುದು. ಊಟ ಮಾಡಿ ಅಂಗಾತ ಮಲಗಿ ಮಾಡು ನೋಡುತ್ತಾನೆ, ಒಂದು, ಎರಡು, ಮೂರು ಅಂತ ಜಂತೆ ಎಣಿಸುತ್ತಾನೆ. ಬಾಯಲ್ಲಿ ಸಂಖ್ಯೆ, ಒಳಗೆ ದ್ರೋಹ.

ನೋಡ್ತಾ ಹೋದರೆ ಕನ್ನಡದಲ್ಲಿ ಎಣಿಸುವುದು ಶುಭದ ಕೆಲಸ ಆಗಿ ಬರುವುದೇ ಕಡಿಮೆ. ದಿನ ಎಣಿಸುತ್ತಿದ್ದಾರೆ ಅಂದರೆ ಹಾಸಿಗೆ ಹಿಡಿದವರು. ಕಂಬಿ ಎಣಿಸುತ್ತಿದ್ದಾನೆ ಅಂದರೆ ಜೈಲಿನಲ್ಲಿರುವವನು. ಲೆಕ್ಕದ ಮಾತಾದ ರೆಕನಿಂಗಿಗೆ ತೀರ್ಪು ಅನ್ನುವ ಅರ್ಥ ಹೇಗೆ ಬಂತು ಅಂತ ಅಕ್ಕನ ಮಗಳು ಕೇಳಿದ್ದಳು, ಕಂಬಿ ಎಣಿಸುವುದರಲ್ಲಿ ಬಂದ ಹಾಗೆಯೇ ಬಂತು ಮಾರಾಯ್ತಿ! ಕೊಟ್ಟವರು, ತಗೊಂಡವರು ಇಬ್ಬರೂ ಇದ್ದಲ್ಲಿ ಲೆಕ್ಕ ಕೊನೆಗೆ ಒಂದು ಕಡೆ ಬಂದು ನಿಲ್ಲಲೇಬೇಕು, ಆಗ ಒಬ್ಬ ಎಣಿಸುತ್ತಾ ಕೂರುತ್ತಾನೆ.

ಸಂಸ್ಕೃತದಿಂದ ಬಂದದ್ದು ಮಾತ್ರ ಬಹಳ ಮರ್ಯಾದೆಯದ್ದು. ಗಣನೆ ಅಂದರೆ ಎಣಿಕೆ. ಗಣ್ಯ ಅಂದರೆ ಎಣಿಸತಕ್ಕವನು. ನಮ್ಮ ಕಡೆಯ ಸಭೆಗಳಲ್ಲಿ ಸ್ವಾಗತ ಭಾಷಣ ಮಾಡುವವರು ವೇದಿಕೆಯಲ್ಲಿರುವ ಗಣ್ಯರು, ವೇದಿಕೆಯ ಮುಂಭಾಗದಲ್ಲಿರುವ ಗಣ್ಯರು ಅಂತ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾರಲ್ಲ, ಆ ಮಾತಿನ ಹುಟ್ಟಿನ ಅರ್ಥಕ್ಕೆ ಅವರು ಸರಿಯಾಗಿಯೇ ನಡೆದುಕೊಳ್ಳುತ್ತಿದ್ದಾರೆ, ಎಣಿಸುತ್ತಿದ್ದಾರೆ. ಉಳಿದವರು ನಗಣ್ಯ. ಇಂಗ್ಲಿಷಿನವರು ಆಟಗಾರನ ಬಗ್ಗೆ 'ಔಟ್ ಆಫ್ ರೆಕನಿಂಗ್' ಅನ್ನುವುದೂ ಇದೇ. ಆದರೆ ನನ್ನನ್ನು ಕೇಳಿದರೆ ಅದಕ್ಕೆ ನಗಣ್ಯ ಬೇಡ. ನಮ್ಮ ಅಂಗಳದ ಮಾತೇ ಇದೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಲಗೋರಿ ಆಡುವಾಗ ಮೂರು ವರ್ಷದ ತಮ್ಮನನ್ನು ಸೇರಿಸಿಕೊಳ್ಳುವುದು ಹೀಗೇ. ಅವನು ಓಡಬಹುದು, ಕಿರುಚಬಹುದು, ಔಟಾದರೆ ಔಟಲ್ಲ.

ಬ್ಯಾಂಕಿನ ವಿಷಯಕ್ಕೆ ಬಂದರೆ ನಾನು ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ. ನಮ್ಮ ಎರಡು ಜಿಲ್ಲೆಯವರಿಗೆ ಲೆಕ್ಕದ ಹುಚ್ಚು ಎಲ್ಲಿಂದ ಬಂತೋ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟು, 1931ರಲ್ಲಿ ವಿಜಯಾ ಬ್ಯಾಂಕು. ಇಷ್ಟು ಸಣ್ಣ ಜಾಗದಲ್ಲಿ ಐದು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದರು. ಏಜೆಂಟ್ ಮನೆಮನೆಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡು ಹೋಗುವುದು. ದಿನದ ದುಡಿಮೆಯವರಿಗೆ ದಿನದ ಲೆಕ್ಕ. ಈ ಐದರಲ್ಲಿ ಮೂರು ಈಗ ಬೇರೆ ಬ್ಯಾಂಕಿನ ಹೊಟ್ಟೆಯೊಳಗೆ ಹೋಗಿವೆ, ವಿಜಯಾ 2019ರಲ್ಲಿ, ಸಿಂಡಿಕೇಟು ಮತ್ತು ಕಾರ್ಪೊರೇಷನ್ 2020ರಲ್ಲಿ. ಬೋರ್ಡು ಬದಲಾದರೂ ನಮ್ಮ ಪಕ್ಕದ ಮನೆಯ ಅಜ್ಜಿ ಇನ್ನೂ "ಸಿಂಡಿಕೇಟಿಗೆ ಹೋಗಿ ಬಂದೆ" ಅಂತಲೇ ಹೇಳುವುದು.

ನಾನು ಸೇರಿದಾಗ ಕಂಪ್ಯೂಟರ್ ಇಲ್ಲ, ದೊಡ್ಡ ಲೆಡ್ಜರು. ಆಗಾಗ ಉಳಿತಾಯ ಖಾತೆಗಳ ಬಾಕಿಯನ್ನೆಲ್ಲ ಕೂಡಿ ಜನರಲ್ ಲೆಡ್ಜರಿನ ಮೊತ್ತದ ಜೊತೆ ತಾಳೆ ಹಾಕಬೇಕು. ಒಂದು ಸಂಜೆ 270 ರೂಪಾಯಿ ವ್ಯತ್ಯಾಸ ಬಂತು. ಎರಡನೇ ಸಲ ಕೂಡಿದೆ, 270. ಮೂರನೇ ಸಲ, ಮತ್ತೆ ಅದೇ. ಆರೂವರೆ ಆಯಿತು, ಊರಿಗೆ ಕೊನೆಯ ಬಸ್ಸು ಎಂಟಕ್ಕೆ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಒಬ್ಬರು ಹಿರಿಯ ಕ್ಲಾರ್ಕು, ಕೊಡೆ ಹಿಡಿದು ಹೊರಟವರು, ಬಾಗಿಲಲ್ಲೇ ನಿಂತು, "9ರಿಂದ ಭಾಗ ಹೋಗ್ತದಾ ನೋಡಿ" ಅಂದರು. ಹೋಗುತ್ತದೆ, 30 ಸಲ. "ಹಾಗಾದ್ರೆ ನೀವು ಎಲ್ಲೋ ಎರಡು ಅಂಕಿ ಅದಲು ಬದಲು ಮಾಡಿದ್ದೀರಿ. ಕೂಡುವುದು ಬಿಡಿ, ಅದನ್ನು ಹುಡುಕಿ." ಹತ್ತು ನಿಮಿಷದಲ್ಲಿ ಸಿಕ್ಕಿತು. 3,850 ಬರೆಯುವ ಕಡೆ 3,580 ಬರೆದಿದ್ದೆ. ಪಕ್ಕ ಪಕ್ಕದ ಎರಡು ಅಂಕಿ ಜಾಗ ಬದಲಾಯಿಸಿದರೆ ವ್ಯತ್ಯಾಸ ಯಾವಾಗಲೂ 9ರ ಮಗ್ಗಿಯಲ್ಲೇ ಬರುತ್ತದೆ, ಎಲ್ಲಿ ಬೇಕಾದರೂ ಮಾಡಿ ನೋಡಿ. ಇನ್ನೊಂದು ಉಪಾಯವನ್ನೂ ಅವರೇ ಹೇಳಿಕೊಟ್ಟದ್ದು. ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತದ ಎಂಟ್ರಿ ಹುಡುಕಿ, ಸಿಕ್ಕಿದರೆ ಖರ್ಚಿನ ಬದಿಯದ್ದು ಜಮೆಯ ಬದಿಗೆ ಬಿದ್ದಿದೆ ಅಂತ ಅರ್ಥ.

ಆ ದಿನ ನನಗೆ ಎಣಿಸುವುದರ ಎರಡೂ ಅರ್ಥ ಒಟ್ಟಿಗೆ ಹೊಳೆದದ್ದು. ಒಂದೂವರೆ ಗಂಟೆ ನಾನು ಬರೀ ಒಂದು ಅರ್ಥದಲ್ಲಿ ಎಣಿಸಿದೆ. ಅವರು ಬಾಗಿಲಲ್ಲಿ ನಿಂತು ಇನ್ನೊಂದು ಅರ್ಥದಲ್ಲಿ ಎಣಿಸಿದರು.

ಸಮುದ್ರದವರ ರೆಕನಿಂಗ್ ಬೇರೆಯೇ ಉಂಟು. 'ಡೆಡ್ ರೆಕನಿಂಗ್'. ಹೆಣದ ಲೆಕ್ಕ ಅಂತ ದಯವಿಟ್ಟು ಅನುವಾದ ಮಾಡಬೇಡಿ. ದಡ ಕಾಣದ ಕಡೆ ಹಡಗು ಎಲ್ಲಿದೆ ಅಂತ ತಿಳಿಯುವ ಉಪಾಯ ಅದು. ಹೊರಟ ಜಾಗ ಗೊತ್ತು, ದಿಕ್ಕು ಕಂಪಾಸು ಹೇಳುತ್ತದೆ, ವೇಗ ಅಂದಾಜು ಉಂಟು, ಎಷ್ಟು ಹೊತ್ತಾಯಿತು ಅಂತ ಗಡಿಯಾರ ಹೇಳುತ್ತದೆ. ಗುಣಿಸಿದರೆ ಈಗ ಇಂಥಲ್ಲಿ ಇರಬೇಕು ಅಂತ. ಕೊಲಂಬಸ್ 1492ರಲ್ಲಿ ಅಟ್ಲಾಂಟಿಕ್ ದಾಟಿದ್ದು ಮುಖ್ಯವಾಗಿ ಹೀಗೇ. ವೇಗ ಅಳೆಯುವುದಕ್ಕೆ ಆಮೇಲಿನವರು ಒಂದು ಹಲಗೆಗೆ ಹಗ್ಗ ಕಟ್ಟಿ ಹಿಂದಿನಿಂದ ನೀರಿಗೆ ಬಿಡುತ್ತಿದ್ದರು. ಹಗ್ಗದಲ್ಲಿ 47 ಅಡಿ 3 ಇಂಚಿಗೆ ಒಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿ ಆಗುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿತೋ ಅಷ್ಟು ನಾಟ್ ವೇಗ. ನಾಟ್ ಅಂದರೆ ಗಂಟೇ ಅಲ್ವಾ. ಗಂಟೆಗೆ ಎಷ್ಟು ಗಂಟು ಅಂತ ಕನ್ನಡದಲ್ಲಿ ಕೇಳಿದರೆ ಎಷ್ಟು ಚಂದ! ಡೆಡ್ ಅನ್ನುವುದು 'ಡಿಡ್ಯೂಸ್ಡ್' ಅನ್ನುವುದರ ಗಿಡ್ಡ ರೂಪ ಅಂತ ಒಂದು ಕತೆ ಓಡಾಡುತ್ತದೆ, ಅದಕ್ಕೆ ಹಳೆಯ ಆಧಾರ ಇಲ್ಲ, ನಂಬಬೇಡಿ.

ನಮ್ಮ ಭಾವ ಮಲ್ಪೆಯ ಮೀನುಗಾರಿಕೆ ಬೋಟಿನಲ್ಲಿ ತಂಡೇಲ ಆಗಿದ್ದವರು, ಅಂದರೆ ಬೋಟು ನಡೆಸುವವರು. ಜಿಪಿಎಸ್ ಬರುವ ಮುಂಚಿನ ಕಾಲ. ಅವರಿಗೆ ಡೆಡ್ ರೆಕನಿಂಗ್ ಅನ್ನುವ ಹೆಸರು ಗೊತ್ತಿಲ್ಲ, ಕೆಲಸ ಗೊತ್ತು. ಇಂಜಿನ್ನಿನ ಸದ್ದು ಕೇಳಿ ವೇಗ, ಬೀಡಿ ಎಷ್ಟು ಸುಟ್ಟೆ ಅಂತ ನೋಡಿ ಹೊತ್ತು, ಲಂಗರಿಗೆ ಅಂಟಿ ಬಂದ ಕೆಸರು ನೋಡಿ ಆಳ. "ನೀರಿನ ಸೆಳೆತ ಒಂದು ಲೆಕ್ಕಕ್ಕೆ ಸಿಗ್ತಿರಲಿಲ್ಲ" ಅನ್ನುತ್ತಾರೆ. "ನಾವು ಸೀದಾ ಬಂದದ್ದು ಅಂತ ಎಣಿಸ್ತೇವೆ, ಅದು ಮೆಲ್ಲ ಬದಿಗೆ ದೂಡಿರ್ತದೆ. ಸಣ್ಣ ತಪ್ಪು, ಆದರೆ ಮೂರು ಗಂಟೆಗೆ ಅದೇ ದೊಡ್ಡದಾಗ್ತದೆ." ಕಾಪು ಲೈಟ್‌ಹೌಸಿನ ಬೆಳಕು ಕಂಡ ಮೇಲೆಯೇ ಉಸಿರು. 1901ರಿಂದ ಅದು ಅಲ್ಲಿ ಬಂಡೆಯ ಮೇಲೆ ನಿಂತು ಎಷ್ಟು ಜನರ ಎಣಿಕೆ ಸರಿ ಮಾಡಿದೆಯೋ. ಒಂದು ಸಲ ಬಲಕ್ಕೆ ಕಾಣಬೇಕಾದ ಬೆಳಕು ಎಡಕ್ಕೆ ಕಂಡಿತಂತೆ. ಭಾವ ಯಾರಿಗೂ ಹೇಳದೆ ಸುಮ್ಮನೆ ಚುಕ್ಕಾಣಿ ತಿರುಗಿಸಿದರಂತೆ. "ತಂಡೇಲನ ಎಣಿಕೆ ತಪ್ಪಿತು ಅಂತ ಗೊತ್ತಾದರೆ ನಾಳೆಯಿಂದ ಬೋಟಿಗೆ ಜನ ಬರುದಿಲ್ಲ."

ಕೊನೆಗೆ ತೀರ್ಪಿನ ದಿನ. 'ಡೇ ಆಫ್ ರೆಕನಿಂಗ್'. ಇದಕ್ಕೆ ಕನ್ನಡದಲ್ಲಿ ಏನು ಹಾಕುವುದು ಅಂತ ನಾನೂ ತಲೆ ಕೆರೆದುಕೊಂಡೆ. ಪಕ್ಕದ ಮನೆಯ ಕ್ರಿಶ್ಚಿಯನ್ ಬಾಯಮ್ಮನ ಹತ್ತಿರ ಮಾತಾಡುವಾಗ ಸಿಕ್ಕಿತು. ಕೊಂಕಣಿಯಲ್ಲಿ ಅವರಿಗೆ ಝಡ್ತಿ ಅಂತ ಒಂದು ಮಾತುಂಟು. ಲೆಕ್ಕ ಒಪ್ಪಿಸುವುದೂ ಝಡ್ತಿ, ಲೋಕದ ಕೊನೆಗೆ ದೇವರ ಎದುರು ನಿಲ್ಲುವುದೂ ಝಡ್ತಿ. ನಿಮಾಣಿ ಝಡ್ತಿ ಅಂದರೆ ಅಂತಿಮ ತೀರ್ಪು. ಇಂಗ್ಲಿಷಿನ ಪದದ ಪಕ್ಕದಲ್ಲಿ ಇಟ್ಟರೆ ಅಚ್ಚಿನಿಂದ ತೆಗೆದ ಹಾಗೆ ಕೂರುತ್ತದೆ. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಿಗೆ ಹಿಸಾಬು, ಅಂಗಡಿಯದ್ದೂ ಅದೇ, ಅಲ್ಲಿಯದ್ದೂ ಅದೇ. ನಮಗೆ ಚಿತ್ರಗುಪ್ತ. ಯಮನಿಗೆ ಕೋಣ, ಪಾಶ ಎಲ್ಲ ಇದ್ದರೂ ಒಬ್ಬ ಗುಮಾಸ್ತನಿಲ್ಲದೆ ಕೆಲಸ ನಡೆಯುವುದಿಲ್ಲ ಅನ್ನುವುದು ನಿವೃತ್ತ ಕ್ಲಾರ್ಕ್ ಆದ ನನಗೆ ಬಹಳ ಸಮಾಧಾನದ ವಿಷಯ.

ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಕುಟುಂಬದ ಮನೆಯಲ್ಲಿ ದೈವಕ್ಕೆ ನೇಮ ಆದ ಮರುದಿನ ಬೆಳಿಗ್ಗೆ ಎಲ್ಲರೂ ಚಾವಡಿಯಲ್ಲಿ ಕೂರಬೇಕು. ಯಜಮಾನಿಕೆ ಮಾಡುವ ಮಾವ ಖರ್ಚಿನ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಾರೆ. ಸೀಯಾಳ ಇಷ್ಟು, ಬಾಳೆಗೊನೆ ಇಷ್ಟು, ಎಣ್ಣೆ ಇಷ್ಟು, ಮಲ್ಲಿಗೆ 12 ಅಟ್ಟೆ. ಹಿಂದೆ ದೈವದ ಮಂಚ, ದೀಪ ಇನ್ನೂ ಉರಿಯುತ್ತಿರುತ್ತದೆ. ಆಡಿಟ್ ಅಂದರೆ ಕೇಳುವುದು ಅಂತ ಎಲ್ಲೋ ಓದಿದಾಗ ನನಗೆ ಲ್ಯಾಟಿನ್ ಕಾಣಲಿಲ್ಲ, ಈ ಚಾವಡಿ ಕಂಡಿತು. ಎರಡು ವರ್ಷದ ಹಿಂದೆ ಮಾವ ಓದುತ್ತಾ ಓದುತ್ತಾ "ಇತರೆ, 1,400" ಅಂದು ಬೇಗ ಪುಟ ತಿರುಗಿಸಿದರು. ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ದೊಡ್ಡಮ್ಮ, ಕಿವಿ ಕೇಳಿಸುವುದಿಲ್ಲ ಅಂತ ನಾವೆಲ್ಲ ಎಣಿಸಿದ್ದ ದೊಡ್ಡಮ್ಮ, "ಇತರೆ ಅಂದ್ರೆ ಎಂತ?" ಅಂದರು. ಮಾವ ದೀಪದ ಕಡೆ ಒಂದು ಸಲ ನೋಡಿದರು. ಆಮೇಲೆ ಪುಟ ಹಿಂದೆ ತಿರುಗಿಸಿ, ಅಡಿಗೆಯವರ ಚಾ, ಬೀಡಿ, ಜನರೇಟರಿನ ಹುಡುಗನಿಗೆ ಕೈಖರ್ಚು ಅಂತ ಒಂದೊಂದೇ ಹೇಳಿದರು. 1,260 ಬಂತು. ಉಳಿದ 140ನ್ನು ಜೇಬಿನಿಂದ ತೆಗೆದು ಪುಸ್ತಕದ ಮೇಲಿಟ್ಟರು. ಯಾರೂ ಏನೂ ಅನ್ನಲಿಲ್ಲ. ಅಷ್ಟೇ. ಜನಾಂಗೀಯ ಲೆಕ್ಕಾಚಾರ ಅಂತ ಬರೆದ ಆ ಫೋನನ್ನು ಒಮ್ಮೆ ಚಾವಡಿಗೆ ತಂದು ಕೂರಿಸಬೇಕಿತ್ತು.

ಅಕ್ಕನ ಮಗಳಿಗೆ ನಾನು ಕೊನೆಗೆ ಕೊಟ್ಟದ್ದು 'ಜನಾಂಗದ ಹೆಸರಲ್ಲಿ ಆದ ಅನ್ಯಾಯದ ಲೆಕ್ಕ ಒಪ್ಪಿಸುವ ಕಾಲ'. ಉದ್ದ ಆಯಿತು ಅಂದಳು. ಆಯಿತು ಹೌದು. ಹೆಡ್‌ಲೈನಿಗೆ ಕೂರುವುದಿಲ್ಲ. ಸಣ್ಣದು ಬೇಕಾದರೆ 'ಲೆಕ್ಕ ತೀರಿಸುವುದು' ಅಂತ ಹಾಕಬಹುದಿತ್ತು, ಆದರೆ ಕನ್ನಡದಲ್ಲಿ ಹಾಗಂದರೆ ಯಾರಿಗೋ ಯಾರೋ ಕತ್ತಿ ಹಾಕಿದ ಹಾಗೆ ಕೇಳುತ್ತದೆ. ಅವಳು ಏನು ಬರೆದು ಕೊಟ್ಟಳೋ, ನಾನು ಕೇಳಲಿಲ್ಲ.

ಇದನ್ನು ಬರೆಯಲು ಶುರು ಮಾಡಿದ್ದು ಶಂಕರಪುರದಲ್ಲಿ, ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಕೂತು. ಬೆಳಿಗ್ಗೆ ಕೊಯ್ದ ಮಲ್ಲಿಗೆ ಮೊಗ್ಗಿನ ರಾಶಿ ಅವರ ಎದುರಿಗೆ, ಪಕ್ಕದಲ್ಲಿ ನೀರಿನಲ್ಲಿ ನೆನೆಸಿದ ಬಾಳೆನಾರು. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ತಗೊಂಡು ಹೋಗುವ ಹುಡುಗ ಬರುವುದಕ್ಕೆ ಇನ್ನು ಅರ್ಧ ಗಂಟೆ ಮಾತ್ರ. ಅವರ ಬೆರಳು ಓಡುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಕಣ್ಣು ಮಾತ್ರ ಗೇಟಿನ ಆಚೆ ಎಲ್ಲೋ. ತಡೆಯಲಾರದೆ ಕೇಳಿಬಿಟ್ಟೆ, "ಎಂತ ಎಣಿಸ್ತಾ ಇದ್ದೀರಿ ದೊಡ್ಡಮ್ಮ?"

ಬೆರಳು ನಿಂತಿತು. "ನಿನ್ನ ದೊಡ್ಡಪ್ಪ ಇದ್ದಿದ್ರೆ ಈ ಆಟಿ ತಿಂಗಳಿಗೆ ಎಂಬತ್ತು ತುಂಬ್ತಿತ್ತು" ಅಂದರು. ಆಮೇಲೆ ಕೈಯಲ್ಲಿದ್ದ ಹೂವಿನ ಎಳೆ ನೋಡಿದರು, ನನ್ನನ್ನು ನೋಡಿದರು. "ಮುನ್ನೂರ... ನೋಡು, ತಪ್ಪಿಸಿಬಿಟ್ಟಿ. ಆ ಕಡೆ ತುದಿ ಹಿಡಿ, ಮೊದಲಿನಿಂದ ಎಣಿಸು."